ಲೋಹದ ಡಬ್ಬ, ಡ್ರಮ್‌ಗಳ ಮೂತಿ ಸಾಗಣೆಯಲ್ಲಿ ಜಜ್ಜಿಹೋಗದಂತೆ ಕಾಪಾಡುವುದು: ಸಮಗ್ರ ಮಾರ್ಗದರ್ಶಿ

ತಗಡಿನ ಡಬ್ಬದ ಹೊಟ್ಟೆ ನೆಗ್ಗಿದರೆ ಸಾಮಾನ್ಯವಾಗಿ ದೊಡ್ಡ ತೊಂದರೆಯೇನೂ ಆಗುವುದಿಲ್ಲ. ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ಒಳಗಿನ ಎಣ್ಣೆಯೋ ಬಣ್ಣವೋ ಒಳಗೇ ಇರುತ್ತದೆ. ಮೂತಿ ನೆಗ್ಗಿದರೆ ಹಾಗಲ್ಲ. ದುಂಡಗಿದ್ದ ಬಾಯಿ ಒಂದೆರಡು ಮಿಲಿಮೀಟರ್ ಸೊಟ್ಟಗಾದರೂ ಮುಚ್ಚಳದ ಥ್ರೆಡ್ (ತಿರುಪಿನ ಸುತ್ತು) ಸರಿಯಾಗಿ ಕೂರುವುದಿಲ್ಲ. ಕೆಳಗಿನ ವಾಷರ್ ಒಂದು ಕಡೆ ಒತ್ತುತ್ತದೆ, ಇನ್ನೊಂದು ಕಡೆ ಸಡಿಲವಾಗುತ್ತದೆ. ಅಲ್ಲಿಂದ ಜಿನುಗಲು ಶುರು. ಒಂದು ಡಬ್ಬ ಜಿನುಗಿದರೆ ಪಕ್ಕದ ಡಬ್ಬದ ಲೇಬಲ್ ಹಾಳು, ಕೆಳಗಿನ ರಟ್ಟಿನ ಪೆಟ್ಟಿಗೆ ಮೆತ್ತಗೆ, ಆಮೇಲೆ ಇಡೀ ಸಾಲೇ ಕುಸಿಯಬಹುದು.

ಈ ಇಡೀ ಕೆಲಸಕ್ಕೆ ಒಂದೇ ನಿಯಮ. ಮೇಲಿನಿಂದ ಬರುವ ಭಾರ ಡಬ್ಬದ ಅಂಚಿನ ಮೇಲೆ ಕೂರಬೇಕು. ಮೂತಿಯನ್ನು ಏನೂ ಮುಟ್ಟಬಾರದು. ಅಂಚು ಅಂದರೆ ಮೇಲ್ತಗಡು ಮತ್ತು ಗೋಡೆಯ ತಗಡು ಒಟ್ಟಿಗೆ ಮಡಚಿಕೊಂಡು ಸುತ್ತಲೂ ಎದ್ದು ನಿಂತಿರುವ ಭಾಗ. ಡಬ್ಬದಲ್ಲಿ ಭಾರ ಹೊರಲು ಅದಕ್ಕಿಂತ ಗಟ್ಟಿ ಜಾಗ ಇನ್ನೊಂದಿಲ್ಲ. ಮುಂದೆ ಬರುವ ಎಲ್ಲ ಹಂತಗಳೂ ಈ ನಿಯಮವನ್ನು ಬೇರೆ ಬೇರೆ ಡಬ್ಬಗಳಿಗೆ ಹೊಂದಿಸುವ ಕೆಲಸವೇ.

ಹಂತ 1: ನಿಮ್ಮ ಡಬ್ಬದ ಮೂತಿ ಯಾವ ಬಗೆಯದು ನೋಡಿ

200 ಲೀಟರಿನ ಉಕ್ಕಿನ ಡ್ರಮ್ಮಿನ ಮೇಲ್ತಗಡಿನಲ್ಲಿ ಎರಡು ಬಾಯಿ ಇರುತ್ತವೆ. ಒಂದು 2 ಇಂಚಿನದು, ಇನ್ನೊಂದು ಮುಕ್ಕಾಲು ಇಂಚಿನದು. ಎರಡಕ್ಕೂ ಥ್ರೆಡ್ ಇರುವ ಬಿರಡೆ ಹಾಕುತ್ತಾರೆ. ಬಿರಡೆ ಅಂಚಿಗಿಂತ ಕೆಳಗೇ ಕೂರುವ ಹಾಗೆ ಡ್ರಮ್ಮನ್ನು ಮಾಡಿರುತ್ತಾರೆ. ಅಂದರೆ ಅರ್ಧ ಕೆಲಸ ಆಗಲೇ ಆಗಿರುತ್ತದೆ.

20 ಲೀಟರಿನ ತಗಡಿನ ಬಕೆಟ್‌ಗಳಿಗೆ ಎಳೆದರೆ ಮೇಲೆ ಬರುವ ಪ್ಲಾಸ್ಟಿಕ್ ಮೂತಿ ಇರುವುದು ಹೆಚ್ಚು. ಮಡಚಿದಾಗ ಅದು ಮೇಲ್ತಗಡಿನ ಗುಂಡಿಯೊಳಗೆ ಅಡಗುತ್ತದೆ. ಪೂರ್ತಿ ಒತ್ತದೆ ಬಿಟ್ಟರೆ ಮಾತ್ರ ತೊಂದರೆ.

ಜಾಸ್ತಿ ಪೆಟ್ಟು ತಿನ್ನುವುದು 1 ಲೀಟರಿನಿಂದ 5 ಲೀಟರಿನವರೆಗಿನ ಚೌಕದ ತಗಡಿನ ಡಬ್ಬಗಳು. ತಿನ್ನರ್, ಎಣ್ಣೆ, ವಾರ್ನಿಷ್ ಇವೆಲ್ಲ ಬರುವುದು ಇವುಗಳಲ್ಲೇ. ತಗಡು ತೆಳುವು. ಕುತ್ತಿಗೆ ಒಂದು ಮೂಲೆಗೋ ಪಕ್ಕಕ್ಕೋ ಇರುತ್ತದೆ, ಎಷ್ಟೋ ಸಲ ಅಂಚಿಗಿಂತ ಮೇಲೆ ಎದ್ದಿರುತ್ತದೆ. ಈ ಮಾರ್ಗದರ್ಶಿಯ ದೊಡ್ಡ ಭಾಗ ಇವಕ್ಕೇ ಮೀಸಲು.

ಇನ್ನು ಜೆರಿಕ್ಯಾನ್. 1930ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡ 20 ಲೀಟರಿನ ಆ ಕ್ಯಾನ್ ಇವತ್ತಿಗೂ ಹೆಚ್ಚು ಬದಲಾಗದೆ ಉಳಿದಿದೆ. ಅದರಲ್ಲಿ ಮೋಟು ಬಾಯಿ ಮಾತ್ರ ಕ್ಯಾನಿಗೆ ಅಂಟಿಕೊಂಡಿರುತ್ತದೆ. ಸುರಿಯುವ ಉದ್ದ ನಳಿಗೆ ಬೇರೆ. ಬೇಕಾದಾಗ ಮಾತ್ರ ಸಿಕ್ಕಿಸುವುದು. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಮುಂದಿನ ಸಲಹೆ ಅಲ್ಲಿಂದಲೇ ಬರುತ್ತದೆ.

ಬಿಚ್ಚಲು ಬರುವ ಮೂತಿ, ನಲ್ಲಿ, ನಳಿಗೆ ಏನಿದ್ದರೂ ಸಾಗಣೆಗೆ ಮೊದಲು ಬಿಚ್ಚಿ. ಆ ಜಾಗಕ್ಕೆ ಬಿರಡೆ ಹಾಕಿ. ಮೂತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೇರೆಯಾಗಿ ಕಳಿಸಿ. ಇದಕ್ಕಿಂತ ಒಳ್ಳೆಯ ರಕ್ಷಣೆ ಬೇರೆ ಇಲ್ಲ. ಡ್ರಮ್ಮಿಗೆ ನಲ್ಲಿ ಹಾಕಿಟ್ಟೇ ಲಾರಿಗೆ ಏರಿಸುವುದು ಕೈಯಾರೆ ಸೋರಿಕೆ ತಂದುಕೊಂಡ ಹಾಗೆ.

ಹಂತ 2: ಅಳೆಯಿರಿ

ಕಣ್ಣಳತೆ ಇಲ್ಲಿ ಸಾಲದು. ನೇರವಾದ ಉಕ್ಕಿನ ಸ್ಕೇಲನ್ನು ಅಥವಾ ಸೊಟ್ಟಗಿರದ ಮರದ ಪಟ್ಟಿಯನ್ನು ಡಬ್ಬದ ಮೇಲೆ ಅಡ್ಡಲಾಗಿ ಇಡಿ. ಅದರ ಎರಡು ತುದಿಯೂ ಅಂಚಿನ ಮೇಲೆ ಕೂರಬೇಕು, ನಡುಭಾಗ ಮೂತಿಯ ಮುಚ್ಚಳದ ಮೇಲೆ ಹಾಯಬೇಕು.

ಪಟ್ಟಿ ಅಂಚನ್ನು ಮುಟ್ಟುವ ಮೊದಲೇ ಮುಚ್ಚಳಕ್ಕೆ ತಾಗಿದರೆ ಮೂತಿ ಎದ್ದಿದೆ ಎಂದರ್ಥ. ಎಷ್ಟು ಎದ್ದಿದೆ ಎಂದು ಅಳೆದು ಬರೆದಿಟ್ಟುಕೊಳ್ಳಿ. ಪಟ್ಟಿಗೂ ಮುಚ್ಚಳಕ್ಕೂ ನಡುವೆ ಜಾಗ ಇದ್ದರೆ ಆ ಜಾಗವನ್ನೂ ಅಳೆಯಿರಿ. ಕನಿಷ್ಠ 5 ಮಿಲಿಮೀಟರ್ ಇರಲಿ ಎನ್ನುವುದು ನನ್ನ ಲೆಕ್ಕ. ಅದಕ್ಕಿಂತ ಕಡಿಮೆ ಇದ್ದರೆ ಎದ್ದ ಮೂತಿ ಎಂದೇ ತಿಳಿದು ಹಂತ 5ರಲ್ಲಿ ಹೇಳಿದ ಕಾವಲು ಹಾಕಿ.

ಅಳತೆ ಖಾಲಿ ಡಬ್ಬದ್ದಲ್ಲ, ತುಂಬಿ ಮುಚ್ಚಿದ ಡಬ್ಬದ್ದಾಗಿರಬೇಕು. ಬಿಸಿಲಿಗೆ ಕಾದ ಕಂಟೇನರಿನೊಳಗೆ ದ್ರವ ಹಿಗ್ಗುತ್ತದೆ, ಆವಿಯ ಒತ್ತಡವೂ ಏರುತ್ತದೆ. ಆಗ ಮೇಲ್ತಗಡು ಉಬ್ಬುತ್ತದೆ, ಜೊತೆಗೆ ಮೂತಿಯೂ ಮೇಲೇರುತ್ತದೆ. ಬೆಳಿಗ್ಗೆ ಅಂಚಿಗಿಂತ ಕೆಳಗಿದ್ದ ಮೂತಿ ಮಧ್ಯಾಹ್ನ ಮೇಲಿನ ಪ್ಯಾಲೆಟ್ಟಿಗೆ (ಸರಕು ಪೇರಿಸಿಡುವ ಹಲಗೆಯ ಮಣೆಗೆ) ತಾಗುವುದು ಹೀಗೆ.

ಹಂತ 3: ತುಂಬುವ ಮೊದಲು ಮತ್ತು ತುಂಬುವಾಗ

ಖಾಲಿ ಡಬ್ಬದ ಮೂತಿಯ ಸುತ್ತ ಬೆರಳಾಡಿಸಿ. ಒರಟು, ಮುಳ್ಳು, ಸೊಟ್ಟ ಏನಾದರೂ ಸಿಕ್ಕರೆ ಪಕ್ಕಕ್ಕಿಡಿ. ಮುಚ್ಚಳವನ್ನು ಕೈಯಲ್ಲೇ ತಿರುಗಿಸಿ ನೋಡಿ. ಮೊದಲ ಎರಡು ಸುತ್ತು ಸರಾಗವಾಗಿ ಹೋಗಬೇಕು. ವಾಷರ್ ಒಣಗಿ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಮರುಬಳಕೆಯ ಡ್ರಮ್ಮಿಗಂತೂ ಹೊಸ ವಾಷರ್ ಹಾಕಿಯೇ ಬಿಡಿ.

ಎಷ್ಟೋ ಮೂತಿಗಳು ಕೆಡುವುದು ದಾರಿಯಲ್ಲಲ್ಲ, ತುಂಬುವ ಜಾಗದಲ್ಲೇ. ತುಂಬುವ ಲೋಹದ ನಳಿಗೆ ಬಾಯಿಗೆ ಬಡಿದು ಬಡಿದು ಥ್ರೆಡ್ಡಿನ ಮೊದಲ ಸುತ್ತು ಕಚ್ಚಾಗುತ್ತದೆ. ಬಾಯಿಗಿಂತ ಸಾಕಷ್ಟು ಸಣ್ಣ ನಳಿಗೆ ಬಳಸಿ. ಬೆಂಕಿ ಹಿಡಿಯುವ ದ್ರವ ಅಲ್ಲದಿದ್ದರೆ ತುದಿಗೆ ಪ್ಲಾಸ್ಟಿಕ್ ತೋಳು ಹಾಕಬಹುದು. ಬೆಂಕಿ ಹಿಡಿಯುವ ದ್ರವವಾದರೆ ಪ್ಲಾಸ್ಟಿಕ್ ತೋಳು ಬೇಡ. ಸ್ಥಿರ ವಿದ್ಯುತ್ತು ಸೇರದಂತೆ ನಳಿಗೆಗೂ ಡ್ರಮ್ಮಿಗೂ ಅರ್ಥಿಂಗ್ ತಂತಿ ಕಟ್ಟಿಯೇ ತುಂಬಬೇಕು. ಖಾಲಿ ಡಬ್ಬವನ್ನು ಕುತ್ತಿಗೆ ಹಿಡಿದು ಎತ್ತುವ ಅಭ್ಯಾಸವಿದ್ದರೆ ಅದನ್ನೂ ಬಿಡಿಸಿ.

ಡಬ್ಬವನ್ನು ಕಂಠಪೂರ್ತಿ ತುಂಬಬೇಡಿ. ಪೆಟ್ರೋಲಿನಂಥ ದ್ರವ 20 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಸುಮಾರು ಶೇಕಡಾ 2ರಷ್ಟು ಹಿಗ್ಗುತ್ತದೆ. 200 ಲೀಟರಿನ ಡ್ರಮ್ಮಿನಲ್ಲಿ ಅದು ಹತ್ತಿರ ಹತ್ತಿರ 4 ಲೀಟರ್. ಆ 4 ಲೀಟರಿಗೆ ಒಳಗೆ ಜಾಗವಿಲ್ಲದಿದ್ದರೆ ಅದು ಹುಡುಕುವುದು ಮೂತಿಯನ್ನೇ. ಅಪಾಯಕಾರಿ ದ್ರವಗಳ ಬಗ್ಗೆ ವಿಶ್ವಸಂಸ್ಥೆಯ ಮಾದರಿ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. 55 ಡಿಗ್ರಿ ಬಿಸಿಯಲ್ಲೂ ಪಾತ್ರೆ ಪೂರ್ತಿ ತುಂಬಿಹೋಗಬಾರದು. ಬೇರೆ ದ್ರವಗಳಿಗೂ ಇದೇ ಲೆಕ್ಕ ಇಟ್ಟುಕೊಂಡರೆ ಒಳ್ಳೆಯದು.

ಬಿಸಿಯಾಗಿ ತುಂಬುವ ಸರಕಿನಲ್ಲಿ ಇದರ ಉಲ್ಟಾ ಆಗುತ್ತದೆ. ಬಿಸಿ ಇರುವಾಗಲೇ ಬಿಗಿಯಾಗಿ ಮುಚ್ಚಿದರೆ ತಣ್ಣಗಾದ ಮೇಲೆ ಒಳಗೆ ನಿರ್ವಾತ ಉಂಟಾಗಿ ತಗಡು ಒಳಕ್ಕೆ ಎಳೆದುಕೊಳ್ಳುತ್ತದೆ. ಮೇಲ್ತಗಡು ಸೊಟ್ಟಗಾದರೆ ಮೂತಿಯ ಬುಡವೂ ಓರೆಯಾಗುತ್ತದೆ. ಸರಕಿಗೆ ತೊಂದರೆ ಇಲ್ಲದಿದ್ದರೆ ತಣಿಸಿ ಆಮೇಲೆ ಮುಚ್ಚಿ.

ಹಂತ 4: ಮುಚ್ಚುವುದು

ಥ್ರೆಡ್ ಮೇಲೆ ಬಿದ್ದ ಹನಿಗಳನ್ನು ಒರೆಸಿ. ಬಿರಡೆಯನ್ನು ಕೈಯಲ್ಲೇ ಹಿಡಿದು ಶುರುಮಾಡಿ. ಸ್ಪ್ಯಾನರ್ ಹಾಕುವುದು ಆಮೇಲೆ. ಮೊದಲಿಗೇ ಸ್ಪ್ಯಾನರ್ ಹಾಕಿದರೆ ಥ್ರೆಡ್ ಓರೆಯಾಗಿ ಕಚ್ಚಿದ್ದು ಕೈಗೆ ಗೊತ್ತೇ ಆಗುವುದಿಲ್ಲ.

ಬಿಗಿ ಎಷ್ಟಿರಬೇಕು ಎನ್ನುವುದಕ್ಕೆ ಡ್ರಮ್ ಮಾಡಿದವರು ಕೊಡುವ ಸೂಚನಾ ಹಾಳೆಯೇ ಆಧಾರ. ಉಕ್ಕಿನ 2 ಇಂಚಿನ ಬಿರಡೆಗೆ ಸಾಮಾನ್ಯವಾಗಿ 27ರಿಂದ 40 ನ್ಯೂಟನ್ ಮೀಟರ್, ಮುಕ್ಕಾಲು ಇಂಚಿನದಕ್ಕೆ 12ರಿಂದ 20 ನ್ಯೂಟನ್ ಮೀಟರ್. ವಾಷರ್ ಯಾವುದು ಎನ್ನುವುದರ ಮೇಲೆ ಇದು ಬದಲಾಗುತ್ತದೆ. ಎಷ್ಟು ಬಿಗಿಯಾಯಿತು ಎಂದು ಅಳೆದು ತೋರಿಸುವ ಟಾರ್ಕ್ ವ್ರೆಂಚ್ ಬಳಸಿ. ಜಾಸ್ತಿ ಬಿಗಿ ಮಾಡಿದರೆ ಜಾಸ್ತಿ ಭದ್ರ ಎಂದು ಅನೇಕರು ನಂಬಿದ್ದಾರೆ. ಆದರೆ ಅತಿಯಾಗಿ ಬಿಗಿದರೆ ವಾಷರ್ ಕತ್ತರಿಸಿಹೋಗುತ್ತದೆ, ಇಲ್ಲವೇ ಬಾಯಿಯ ಬಳೆಯೇ (ತಗಡಿಗೆ ಕೂರಿಸಿದ ಥ್ರೆಡ್ ಇರುವ ಉಂಗುರ) ತಗಡಿನಲ್ಲಿ ತಿರುಗಿಬಿಡುತ್ತದೆ. ಹಾಗೆ ತಿರುಗಿದ ಡ್ರಮ್ಮನ್ನು ನಂಬಿ ಕಳಿಸುವಂತಿಲ್ಲ.

ಬಿರಡೆಯ ಮೇಲೆ ತಗಡಿನ ಸೀಲ್ ಟೋಪಿ ಒತ್ತಿಸಿ. ಯಾರಾದರೂ ಬಿಚ್ಚಿದರೆ ಗೊತ್ತಾಗಲಿ ಎಂದು ಹಾಕುವುದಾದರೂ ಧೂಳು, ನೀರು, ಸಣ್ಣಪುಟ್ಟ ಪೆಟ್ಟನ್ನೂ ಅದು ತಡೆಯುತ್ತದೆ. ಪ್ಲಾಸ್ಟಿಕ್ ಮೂತಿಯಾದರೆ ಅಂಗೈಯಿಂದ ಒತ್ತಿ ಪೂರ್ತಿ ಕೂರಿಸಿ, ಮತ್ತೆ ಪಟ್ಟಿ ಇಟ್ಟು ನೋಡಿ.

ಹಂತ 5: ಕಾವಲು ಕಟ್ಟುವುದು

ಎದ್ದ ಮೂತಿಯ ಡಬ್ಬಕ್ಕೆ ಮೊದಲು ಹೊಳೆಯುವುದು ಮೂತಿಯ ಮೇಲೊಂದು ಮೆತ್ತನೆಯ ಫೋಮ್ ಇಡೋಣ ಎಂದು, ಅಲ್ವಾ? ದಯವಿಟ್ಟು ಹಾಗೆ ಮಾಡಬೇಡಿ. ಮೇಲೆ ಭಾರ ಬಿದ್ದಾಗ ಫೋಮ್ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಮೇಲೆ ಇಡೀ ಭಾರವನ್ನು ನೇರವಾಗಿ ಮೂತಿಗೇ ದಾಟಿಸುತ್ತದೆ. ಒಂದು ಕ್ಷಣದ ಪೆಟ್ಟನ್ನು ಅದು ತಡೆಯಬಹುದು. ವಾರಗಟ್ಟಲೆ ಕೂತಿರುವ ಭಾರವನ್ನು ತಡೆಯುವುದಿಲ್ಲ. ಬೇಕಾಗಿರುವುದು ಸೇತುವೆಯಂಥದ್ದು. ಅಂಚಿನಿಂದ ಅಂಚಿಗೆ ಭಾರ ಹೊತ್ತು, ನಡುವೆ ಮೂತಿಗೆ ಜಾಗ ಬಿಡುವಂಥದ್ದು.

ಸಣ್ಣ ಡಬ್ಬಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸುವಾಗ ತೂತಿನ ಹಾಸು ಮಾಡುವುದು ಸುಲಭ, ಖರ್ಚೂ ಕಡಿಮೆ. ಪೆಟ್ಟಿಗೆಯ ಒಳ ಅಳತೆಗೆ ಸರಿಯಾಗಿ ದಪ್ಪ ಸುಕ್ಕುರಟ್ಟಿನ ಹಾಳೆಗಳನ್ನು ಕತ್ತರಿಸಿ. ಡಬ್ಬಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿ, ಒಂದು ಹಾಳೆಯನ್ನು ಮೂತಿಗಳ ಮೇಲೆ ಮೆಲ್ಲಗೆ ಒತ್ತಿದರೆ ಗುರುತು ಬೀಳುತ್ತದೆ. ಆ ಗುರುತಿನ ಸುತ್ತ, ಮುಚ್ಚಳಕ್ಕಿಂತ ಎಲ್ಲ ಕಡೆಯೂ 10 ಮಿಲಿಮೀಟರ್ ದೊಡ್ಡದಾಗಿ ತೂತು ಕತ್ತರಿಸಿ. ತೂತು ಬಿಗಿಯಾಗಿದ್ದರೆ ಡಬ್ಬ ಅಲುಗಾಡಿದಾಗ ಹಾಸೇ ಮೂತಿಯನ್ನು ತಳ್ಳುತ್ತದೆ. ಹಂತ 2ರಲ್ಲಿ ಬರೆದಿಟ್ಟ ಎತ್ತರಕ್ಕೆ ಇನ್ನೂ 5 ಮಿಲಿಮೀಟರ್ ಸೇರಿಸಿದಷ್ಟು ದಪ್ಪ ಬರುವವರೆಗೆ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ. ಒಂದು ಹಾಳೆಯ ಸುಕ್ಕು ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕಿರಲಿ. ಆಗ ಹಾಸು ಬಾಗುವುದಿಲ್ಲ. ಕೊನೆಗೆ ಮೇಲೊಂದು ತೂತಿಲ್ಲದ ಹಾಳೆ ಹಾಕಿ.

ಹಾಸು ಡಬ್ಬಗಳ ಅಂಚಿನ ಮೇಲೆ ಕೂತಿದೆಯೇ ಎಂದು ನೋಡಿಕೊಳ್ಳಿ. ಚೌಕದ ಡಬ್ಬದ ನಾಲ್ಕು ಮೂಲೆಗಳೂ ಹಾಸನ್ನು ಹೊತ್ತಿರಬೇಕು. ತೂತು ಮೂಲೆಗೆ ತೀರಾ ಹತ್ತಿರ ಬಂದು ಅಲ್ಲಿ ಅಂಚಿಗೆ ಆಸರೆಯೇ ಇಲ್ಲದಿದ್ದರೆ ಡಬ್ಬಗಳನ್ನು ತಿರುಗಿಸಿ ಜೋಡಿಸಿ. ಮೂತಿಗಳೆಲ್ಲ ಪೆಟ್ಟಿಗೆಯ ನಡುವಿಗೆ ಮುಖ ಮಾಡಿರಲಿ. ಪೆಟ್ಟಿಗೆಯ ಗೋಡೆಗೆ, ಮೂಲೆಗೆ ಬೀಳುವ ಪೆಟ್ಟಿನಿಂದಲೂ ಅವು ಆಗ ದೂರವಾಗುತ್ತವೆ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಮೂತಿಯ ಮುಚ್ಚಳಗಳಿಗೆ ಬಣ್ಣದ ಸೀಮೆಸುಣ್ಣ ಚೆನ್ನಾಗಿ ಹಚ್ಚಿ. ಹಾಸು ಹಾಕಿ ಪೆಟ್ಟಿಗೆ ಮುಚ್ಚಿ. ಮೇಲೊಂದು ಹಲಗೆ ಇಟ್ಟು, ನಿಜವಾಗಿ ಬೀಳುವಷ್ಟೇ ತೂಕ ಹೇರಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬಿಚ್ಚಿದಾಗ ಮೇಲಿನ ಹಾಳೆಯ ಒಳಬದಿಗೆ ಬಣ್ಣ ತಾಗಿದ್ದರೆ ಇನ್ನೊಂದು ಪದರ ಬೇಕು. ತೂತಿನ ಪಕ್ಕಕ್ಕೆ ತಾಗಿದ್ದರೆ ತೂತು ಚಿಕ್ಕದಾಯಿತು.

ಒಂದೇ ಪೆಟ್ಟಿಗೆಯಲ್ಲಿ ಎರಡು ಸಾಲು ಡಬ್ಬ ಇಡಬೇಕೆಂದರೆ ಕೆಳಗಿನ ಸಾಲಿಗೂ ಇದೇ ಹಾಸು, ಅದರ ಮೇಲೆ ಗಟ್ಟಿ ಹಾಳೆ, ಆಮೇಲೆ ಮೇಲಿನ ಸಾಲು. ಸಾಧ್ಯವಾದರೆ ಒಂದೇ ಸಾಲಿನ ಪೆಟ್ಟಿಗೆ ಮಾಡಿಸಿ. ತಲೆನೋವು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಬಿಚ್ಚಲಾಗದ ಉದ್ದ ಮೂತಿ ಇರುವ ದೊಡ್ಡ ಪಾತ್ರೆಗಳಿಗೆ ರಟ್ಟು ಸಾಲದು. ಮೂತಿಯ ಸುತ್ತ ಪೈಪಿನ ತುಂಡೊಂದನ್ನು ನಿಲ್ಲಿಸಿದರೆ ಆಯಿತಲ್ಲ ಎನಿಸಬಹುದು. ಆದರೆ ಆ ಪೈಪು ನಿಲ್ಲುವುದು ತೆಳು ಮೇಲ್ತಗಡಿನ ಮೇಲೆ. ಭಾರ ಬಿದ್ದರೆ ತಗಡು ಕುಸಿದು ಮೂತಿಯ ಬುಡವನ್ನೇ ಜಗ್ಗುತ್ತದೆ. ಅದರ ಬದಲು ಅಂಚಿನ ಮೇಲೆ ಕೂರುವ ಮರದ ಚೌಕಟ್ಟು ಮಾಡಿ. ಮೂತಿಯ ಎರಡೂ ಪಕ್ಕಕ್ಕೆ, ಅಂಚಿನಿಂದ ಅಂಚಿಗೆ ಹಾಯುವ ಎರಡು ದಪ್ಪ ರೀಪರ್. ಅವುಗಳ ಎತ್ತರ ಮೂತಿಗಿಂತ ಜಾಸ್ತಿ. ಮೇಲೊಂದು ಪ್ಲೈವುಡ್ ಹಲಗೆ. ಇಡೀ ಚೌಕಟ್ಟು ಜಾರದಂತೆ ಪಾತ್ರೆಗೆ ಪಟ್ಟಿ ಬಿಗಿಯಿರಿ. ಸರಕು ಬೇರೆ ದೇಶಕ್ಕೆ ಹೋಗುವುದಾದರೆ ಉಪಚಾರ ಮಾಡದ ಮರ ನಡೆಯುವುದಿಲ್ಲ. ಮರದ ಪ್ಯಾಕಿಂಗ್ ಮೂಲಕ ಕೀಟಗಳು ದೇಶ ದಾಟದಂತೆ ಮಾಡಿದ ಅಂತರರಾಷ್ಟ್ರೀಯ ನಿಯಮ ಐಎಸ್‌ಪಿಎಂ 15ರಂತೆ ಮರದ ತಿರುಳು 56 ಡಿಗ್ರಿಯಲ್ಲಿ ಕನಿಷ್ಠ 30 ನಿಮಿಷ ಕಾದಿರಬೇಕು, ಅಥವಾ ಒಪ್ಪಿತವಾದ ಬೇರೆ ಉಪಚಾರ ಆಗಿರಬೇಕು, ಮುದ್ರೆಯೂ ಇರಬೇಕು. ಪ್ಲೈವುಡ್ಡಿಗೆ ಈ ನಿಯಮ ಇಲ್ಲ.

ಫೋಮಿಗೂ ಒಂದು ಜಾಗ ಇದೆ. ಪಕ್ಕದಿಂದ ಬರುವ ಪೆಟ್ಟನ್ನು ತಡೆಯಲು ಅದು ಒಳ್ಳೆಯದು. ಮೂತಿಯ ಸುತ್ತ ಬಳೆಯ ಹಾಗೆ ಹಾಕಿ. ಅದು ಅಂಚಿನ ಎತ್ತರ ಮೀರದಿರಲಿ.

ಹಂತ 6: ಪ್ಯಾಲೆಟ್ ಮತ್ತು ಲಾರಿ

200 ಲೀಟರಿನ ಡ್ರಮ್ಮಿನ ಅಡ್ಡಳತೆ ಸುಮಾರು 585 ಮಿಲಿಮೀಟರ್. ಎರಡನ್ನು ಪಕ್ಕಪಕ್ಕ ಇಟ್ಟರೆ 1170 ಆಯಿತು. ಹಾಗಾಗಿ 1200ಕ್ಕೆ 1000ದ ಪ್ಯಾಲೆಟ್ಟಿನ ಮೇಲೆ ನಾಲ್ಕು ಡ್ರಮ್ ಇಟ್ಟರೆ ಎರಡು ಬದಿಗೆ ಹೊರಚಾಚುತ್ತವೆ. ಹೊರಚಾಚಿದ ಡ್ರಮ್ ಓರೆಯಾಗುತ್ತದೆ, ಅಂಚಿನ ಮೇಲೆ ಸಮನಾಗಿ ಬೀಳಬೇಕಾದ ಭಾರ ಒಂದು ಕಡೆಗೆ ಸರಿಯುತ್ತದೆ. ನಾಲ್ಕು ಡ್ರಮ್ಮಿಗೆ 1200ಕ್ಕೆ 1200ರ ಪ್ಯಾಲೆಟ್ ಬಳಸಿ. ಮೊಳೆ ಎದ್ದಿದ್ದರೆ ಬಡಿದು ಕೂರಿಸಿ.

ಡ್ರಮ್ಮುಗಳ ಮೇಲೆ ಇನ್ನೊಂದು ಪ್ಯಾಲೆಟ್ ಬರುವುದಾದರೆ ನಡುವೆ ಪ್ಲೈವುಡ್ ಹಾಳೆ ಹಾಕಲೇಬೇಕು. ಪ್ಯಾಲೆಟ್ಟಿನ ತಳದಲ್ಲಿ ಹಲಗೆಗಳ ನಡುವೆ ಸಂದು ಇರುತ್ತದೆ. ಡ್ರಮ್ಮಿನ ಅಂಚು ಆ ಸಂದಿಗೆ ಬಿದ್ದರೆ ಹಲಗೆಯೊಂದು ಅಂಚಿನ ಒಳಬದಿಗೆ ಇಳಿದು ನೇರ ಬಿರಡೆಯ ಮೇಲೆ ಕೂರುತ್ತದೆ. ಮೂತಿ ಜಜ್ಜಿದ ಡ್ರಮ್ಮುಗಳಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ. ಹಾಳೆ ಬಾಗದಷ್ಟು ದಪ್ಪ ಇರಲಿ. 12 ಮಿಲಿಮೀಟರ್ ಆದರೆ ಒಳ್ಳೆಯದು.

ಬಿರಡೆಗಳು ಪ್ಯಾಲೆಟ್ಟಿನ ನಡುವಿನ ಕಡೆ ಇರುವ ಹಾಗೆ ಡ್ರಮ್ಮುಗಳನ್ನು ತಿರುಗಿಸಿಡಿ. ಫೋರ್ಕ್‌ಲಿಫ್ಟಿನ ಗಿಳಿಮೂತಿ ಹಿಡಿಕೆ ಡ್ರಮ್ಮಿನ ಅಂಚನ್ನು ಕಚ್ಚಿ ಎತ್ತುತ್ತದೆ. ಅದು ಕಚ್ಚುವ ಜಾಗ ಬಿರಡೆಗೆ ದೂರದ ಕಡೆ ಇರಬೇಕು. ಪಟ್ಟಿ ಬಿಗಿಯುವಾಗ ಮೂತಿಯ ಮೇಲೆ ಹಾಯಿಸಬೇಡಿ. ಸುತ್ತಲೂ ಸ್ಟ್ರೆಚ್ ಫಿಲ್ಮ್ ಸುತ್ತಿ. ಎರಡು ಎದುರು ಬದಿಗಳಲ್ಲಿ ಮೇಲ್ಮುಖದ ಬಾಣದ ಗುರುತು ಹಾಕಿ. ಮೇಲೆ ಭಾರ ಇಡಬಾರದ ಸರಕಾದರೆ ಅದರ ಗುರುತನ್ನೂ ಹಾಕಿ. ಆದರೆ ಗುರುತು ನೋಡಿ ಎಲ್ಲರೂ ಹಾಗೇ ನಡೆಯುತ್ತಾರೆ ಎಂದು ನಂಬಿ ಕಾವಲನ್ನು ಬಿಡಬೇಡಿ.

ದಾರಿಯಲ್ಲಿ ಡ್ರಮ್ಮುಗಳು ಬಯಲಿನಲ್ಲಿ ನಿಲ್ಲುವುದಾದರೆ ಮಳೆಯನ್ನೂ ನೆನಪಿಡಿ. ನೆಟ್ಟಗೆ ನಿಂತ ಡ್ರಮ್ಮಿನ ಮೇಲೆ ನೀರು ನಿಂತು ಬಿರಡೆ ಮುಳುಗುತ್ತದೆ. ಹಗಲು ಕಾದು ರಾತ್ರಿ ತಣಿದಾಗ ಒಳಗಿನ ಗಾಳಿ ಕುಗ್ಗಿ ಆ ನೀರನ್ನು ಥ್ರೆಡ್ಡಿನ ಮೂಲಕ ಒಳಗೆಳೆಯುತ್ತದೆ. ತುಕ್ಕೂ ಅಲ್ಲಿಂದಲೇ ಶುರು. ಟಾರ್ಪಾಲಿನ್ ಹೊದಿಸಿ, ಇಲ್ಲವೇ ಡ್ರಮ್ಮನ್ನು ಮಲಗಿಸಿ. ಮಲಗಿಸುವಾಗ ಎರಡು ಬಿರಡೆಗಳೂ ಗಡಿಯಾರದ 3 ಮತ್ತು 9ರ ಜಾಗದಲ್ಲಿರಲಿ. ಆಗ ಒಳಗಿನ ದ್ರವ ಎರಡನ್ನೂ ಮುಚ್ಚಿರುತ್ತದೆ, ಗಾಳಿ ಒಳಗೆಳೆಯಲು ದಾರಿ ಇರುವುದಿಲ್ಲ.

ಅಪಾಯಕಾರಿ ಸರಕಾದರೆ

ಡಬ್ಬದ ಮೇಲೆ ವಿಶ್ವಸಂಸ್ಥೆಯ ಮುದ್ರೆ ಇದೆಯೇ ನೋಡಿ. ಅದರ ಪಕ್ಕ 1ಎ1 ಎಂದಿದ್ದರೆ ಮೇಲ್ತಗಡು ತೆಗೆಯಲಾಗದ ಉಕ್ಕಿನ ಡ್ರಮ್, 3ಎ1 ಎಂದಿದ್ದರೆ ಅದೇ ಬಗೆಯ ಉಕ್ಕಿನ ಜೆರಿಕ್ಯಾನ್. ಈ ಮುದ್ರೆ ಸಿಗುವ ಮೊದಲು ಆ ಮಾದರಿಯ ಡಬ್ಬ ಹಲವು ಪರೀಕ್ಷೆ ದಾಟಿರುತ್ತದೆ. ಬೀಳಿಸುವ ಪರೀಕ್ಷೆಯ ಎತ್ತರ ಸರಕಿನ ಅಪಾಯಕ್ಕೆ ತಕ್ಕಂತೆ ಸಾಮಾನ್ಯವಾಗಿ 1.8, 1.2 ಅಥವಾ 0.8 ಮೀಟರ್. ಆ ಪರೀಕ್ಷೆಯಲ್ಲಿ ಎರಡನೇ ಸಲ ಬೀಳಿಸುವುದು ಡಬ್ಬದ ಅತಿ ದುರ್ಬಲ ಜಾಗದ ಮೇಲೆ. ನಿಯಮವೇ ಅದಕ್ಕೆ ಉದಾಹರಣೆಯಾಗಿ ಮೂತಿಯ ಮುಚ್ಚಳವನ್ನು ಹೇಳುತ್ತದೆ. ಒಟ್ಟು 3 ಮೀಟರ್ ಎತ್ತರಕ್ಕೆ ಪೇರಿಸಿದಷ್ಟು ಭಾರವನ್ನು 24 ಗಂಟೆ ಹೊರುವ ಪರೀಕ್ಷೆಯೂ ಇದೆ.

ಇಷ್ಟೆಲ್ಲ ಪರೀಕ್ಷೆ ಆಗಿರುವುದು ಆ ಡಬ್ಬಕ್ಕೆ, ಆ ಮುಚ್ಚಳ ಮತ್ತು ಆ ವಾಷರ್ ಸಮೇತ. ನೀವು ಬೇರೆ ಬಿರಡೆ ಹಾಕಿದರೆ, ಮೂತಿಗೆ ಬೆಸುಗೆ ಹಾಕಿದರೆ, ಮುದ್ರೆ ಇದ್ದರೂ ಅದಕ್ಕೆ ಬೆಲೆ ಇಲ್ಲ. ಕಾವಲು ಏನಿದ್ದರೂ ಹೊರಗಿನಿಂದ ಇಡುವಂಥದ್ದಾಗಿರಲಿ.

ತಲುಪಿದ ಮೇಲೆ ಮೂತಿ ನೆಗ್ಗಿದ್ದು ಕಂಡರೆ

ಮೊದಲು ಫೋಟೋ ತೆಗೆಯಿರಿ. ಮೂತಿಯ ಜೊತೆಗೆ ಅದರ ಮೇಲೆ ಏನು ಕೂತಿತ್ತು ಎನ್ನುವುದೂ ಕಾಣಬೇಕು. ಮುಂದಿನ ಸರಕಿಗೆ ಕಾವಲು ಎಲ್ಲಿ ಬೇಕು ಎಂದು ಆ ಫೋಟೋವೇ ಹೇಳುತ್ತದೆ.

ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಲು ಹೋಗಬೇಡಿ. ತಗಡು ಬಿರಿಯಬಹುದು. ಒಳಗೆ ಬೆಂಕಿ ಹಿಡಿಯುವ ದ್ರವವಿದ್ದರೆ ಒಂದು ಕಿಡಿ ಸಾಕು. ಜಿನುಗುತ್ತಿದ್ದರೆ ಮೂತಿ ದ್ರವದ ಮಟ್ಟಕ್ಕಿಂತ ಮೇಲಿರುವ ಹಾಗೆ ಡಬ್ಬವನ್ನು ನಿಲ್ಲಿಸಿ. ಅದನ್ನು ಇನ್ನೊಂದು ದೊಡ್ಡ ಡ್ರಮ್ಮಿನೊಳಗೆ ಅಥವಾ ತಟ್ಟೆಯಲ್ಲಿ ಇಡಿ. ಸರಕನ್ನು ಒಳ್ಳೆಯ ಡಬ್ಬಕ್ಕೆ ಬದಲಾಯಿಸಬೇಕಾದರೆ ಗಾಳಿ ಆಡುವ ಜಾಗದಲ್ಲಿ, ಕಿಡಿ ಹುಟ್ಟಿಸದ ಸಲಕರಣೆಯಿಂದ, ಸರಕಿಗೆ ಹೊಂದುವ ಕೈಗವಸು ಮತ್ತು ಕನ್ನಡಕ ಹಾಕಿ ಮಾಡಿ. ಡ್ರಮ್ಮಾದರೆ ಮೊದಲು ಮುಕ್ಕಾಲು ಇಂಚಿನ ಬಿರಡೆಯನ್ನು ಸ್ವಲ್ಪವೇ ಸಡಿಲಿಸಿ. ಒಳಗಿನ ಒತ್ತಡದ ಸದ್ದು ನಿಲ್ಲುವವರೆಗೆ ಕಾಯಿರಿ, ಆಮೇಲೆ ದೊಡ್ಡ ಬಿರಡೆಗೆ ಕೈ ಹಾಕಿ.